ನಾಲ್ಕು ತುತ್ತಿನ ಕೌದಿ

ಮುಂಬಯಿಯ ಕುರ್ಲಾದ ಚಾಳಿನ ನಳದ ಕಟ್ಟೆಯಲ್ಲಿ ಜಾರಿ ಬಿದ್ದಾಗ ಹಾಲವ್ವ ಮೊದಲು ವಿಚಾರಿಸಿದ್ದು ತನ್ನ ಕೊಡದ ಕ್ಷೇಮವನ್ನು. ತವರಿನವರು ಕೊಟ್ಟ ತಾಮ್ರದ ಕೊಡ ಅದು. ಅದಕ್ಕೆ ಒಂದು ನೆಗ್ಗು ಕೂಡ ಬಿದ್ದಿರಲಿಲ್ಲ, ಯಾಕೆಂದರೆ ಅದು ಬಿದ್ದದ್ದು ಹಾಲವ್ವನ ಮೇಲೆ.

"ಕೊಡಕ್ಕ ಏನೂ ಆಗಿಲ್ಲ, ನೀ ಏಳು. ಕೈ ಕೊಡು" ಎಂದು ಎದುರು ಖೋಲಿಯ ಕಸ್ತೂರಿಬಾಯಿ ಬಾಗಿದಳು.

ಹಾಲವ್ವ ಬಲಗೈ ಕೊಡಲು ನೋಡಿದಳು. ಕೈ ಬರಲಿಲ್ಲ. ಅದು ತನಗೂ ಹಾಲವ್ವನಿಗೂ ಸಂಬಂಧವೇ ಇಲ್ಲವೆಂಬಂತೆ ಪಕ್ಕದಲ್ಲಿ ಬಿದ್ದುಕೊಂಡಿತ್ತು.

ಭುಜದ ಕೀಲಿನ ಹತ್ತಿರ ಎಲುಬು ಮುರಿದಿತ್ತು. ದೊಡ್ಡಾಸ್ಪತ್ರೆಯಲ್ಲಿ ಭುಜ ಕೊಯ್ದು, ಒಳಗೆ ತಂತಿ ಬಿಗಿದು, ಮೇಲೆ ಹೊಲಿದು, ಕೈಯನ್ನು ಎದೆಗೆ ಕಟ್ಟಿದರು. ಮೊದಲ ಸಲ ಪಟ್ಟಿ ಬಿಚ್ಚಿದ ದಿನ ಹಾಲವ್ವ ಕತ್ತು ತಿರುಗಿಸಿ, ಕಣ್ಣು ಕಿರಿದು ಮಾಡಿ ಭುಜವನ್ನು ಬಹಳ ಹೊತ್ತು ನೋಡಿದಳು.

"ಈ ಹೊಲಿಗಿ ಯಾರು ಹಾಕ್ಯಾರ್ರೀ?"

"ನಾನೇ ಅಮ್ಮಾ" ಎಂದ ಡಾಕ್ಟರು ರಮಾನಾಥ. ಮಂಗಳೂರು ಕಡೆಯವರ ಮಗ, ವಡಾಲದಲ್ಲೇ ಬೆಳೆದವನು. ಅವನ ಕನ್ನಡ ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿಯುತ್ತಿತ್ತು. "ಯಾಕೆ, ನೋವು ಉಂಟಾ?"

"ನೋವು ಇರ್ಲಿ ಬಿಡ್ರಿ. ಶುರುವಿಗೆ ಅಂತರ ಭಾಳ ಚಂದ ಹಿಡದೀರಿ. ಕಡೀಕ್ ಬರ್ತ ಬರ್ತ ಅವಸರ ಮಾಡೀರಿ."

ಪಕ್ಕದಲ್ಲಿದ್ದ ಗಂಡ ಬಂಡೆಪ್ಪನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಡಾಕ್ಟರು ಮಾತ್ರ ಬಾಗಿ ತಾನು ಹಾಕಿದ ಹೊಲಿಗೆಯನ್ನು ಮತ್ತೊಮ್ಮೆ ನೋಡಿ, "ಹೌದು ಅಮ್ಮಾ. ಆಗ ಲಂಚ್ ಟೈಮ್ ಆಗಿತ್ತು" ಎಂದು ಒಪ್ಪಿಕೊಂಡ. ಅವತ್ತಿನಿಂದ ಹಾಲವ್ವನಿಗೆ ಅವನ ಮೇಲೆ ನಂಬಿಕೆ ಹುಟ್ಟಿತು.

ಹೊಲಿಗೆಯ ವಿಷಯದಲ್ಲಿ ಮಾತಾಡುವ ಅಧಿಕಾರ ಅವಳಿಗಿತ್ತು. ಹಳೆಯ ಸೀರೆ, ಧೋತರ, ಚಿಂದಿ ಕೂಡಿಸಿ ಅವಳು ಹೊಲಿದ ಕೌದಿಗಳು ಕುರ್ಲಾದಿಂದ ಘಾಟ್ಕೋಪರ್‌ವರೆಗೂ ಅವಳ ಊರ ಕಡೆಯವರ ಮನೆಗಳಲ್ಲಿ ಹಾಸಿದ್ದವು. ಸಾಸಿವೆ ಚೆಲ್ಲಿದಂಥ ಸಣ್ಣ ಹೊಲಿಗೆ. ಗೆರೆ ಎಳೆಯದೆಯೇ ನೆಟ್ಟಗೆ ಹೋಗುವ ಸಾಲು. ಮಾರುದ್ದದ ದಾರ ಪೋಣಿಸಿ ಒಂದೇ ಸಲ ಎಳೆದು ಬಿಡುತ್ತಿದ್ದಳು. ನಡುವೆ ಗಂಟು ಬಂದರೆ ಅದು ಅವಳ ಪಾಲಿಗೆ ಅವಮಾನ. ತನ್ನ ಕೌದಿಗೆ ಇನ್ನೊಬ್ಬರ ಸೂಜಿ ತಾಕಲು ಅವಳು ಬಿಟ್ಟದ್ದೇ ಇಲ್ಲ.

ಈಗ ಟ್ರಂಕಿನ ಮೇಲೆ ಅರ್ಧ ಮುಗಿದ ಒಂದು ಕೌದಿ ಕೂತಿತ್ತು. ಅದು ಮಗಳು ನೀಲಾವತಿಯ ಚೊಚ್ಚಲ ಕೂಸಿಗೆ. ನೀಲಾವತಿಯನ್ನು ಕೊಟ್ಟದ್ದು ವಡಾಲಕ್ಕೆ. ಹೆರಿಗೆಗೆಂದು ತವರಿಗೆ, ಎಂದರೆ ಇದೇ ಒಂದು ಖೋಲಿಗೆ ಬಂದಿದ್ದಳು. ಮೇಲ್ಪದರಕ್ಕೆ ಹಾಲವ್ವನ ಅವ್ವನ ಇಳಕಲ್ ಸೀರೆಯ ತುಂಡುಗಳು, ಕೆಳಗೆ ಬಂಡೆಪ್ಪನ ಮೆತ್ತಗಾದ ಧೋತರ, ನಡುವೆ ಹಿಂದಿನ ವರ್ಷ ಪಾಕಿಸ್ತಾನದ ಜೊತೆ ನಡೆದ ಯುದ್ಧದಲ್ಲಿ ಬೆಳಕು ಹೊರಗೆ ಕಾಣಬಾರದೆಂದು ಕಿಟಕಿಗೆ ಹೊಡೆದಿದ್ದ ಕಪ್ಪು ಬಟ್ಟೆ. ಹೆಸರಿಡುವ ದಿನ ಕೂಸನ್ನು ತವರಿನ ಕೌದಿಯ ಮೇಲೆ ಮಲಗಿಸಬೇಕು. ಬೀಗತಿ ರುಕ್ಮಿಣಿಬಾಯಿ ಬಂದು ಅದನ್ನು ಕೈಯಲ್ಲಿ ಹಿಡಿದು ನೋಡುವವಳೇ. ಅವಳು ನೋಡಿದರೆ ಬೆಳಕಿಗೆ ಹಿಡಿದು ನೋಡುವ ಜಾತಿ.

"ಡಾಕ್ಟರ್ರೀ, ಸೂಜಿ ಯಾವಾಗ ಹಿಡೀಬೇಕು?" ಎಂದು ಹಾಲವ್ವ ಕೇಳಿದಳು.

"ಸೂಜಿ ನಾವು ಹಿಡಿತೇವೆ ಅಮ್ಮಾ, ನೀವು ಹಿಡಿಬೇಡಿ. ಎರಡು ಮೂರು ತಿಂಗಳು."

ಕೂಸು ಅಷ್ಟು ಕಾಯುವಂತಿರಲಿಲ್ಲ.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ, ನೀಲಾವತಿ ನಿದ್ದೆಹೋದ ಹೊತ್ತಿನಲ್ಲಿ, ಹಾಲವ್ವ ಕೌದಿಯನ್ನು ನೆಲಕ್ಕೆ ಎಳೆದುಕೊಂಡು ಒಂದು ಅಂಚನ್ನು ಕಾಲಿನಿಂದ ಒತ್ತಿ ಹಿಡಿದು ಎಡಗೈಯಿಂದ ಸೂಜಿ ಹಾಕಿದಳು. ಮೂರನೆಯ ಹೊಲಿಗೆ ಕೌದಿಯ ಜೊತೆಗೆ ಅವಳ ಸೀರೆಯ ನೆರಿಗೆಯನ್ನೂ ಸೇರಿಸಿಕೊಂಡಿತು. ಅದೇ ಹೊತ್ತಿಗೆ ಬಂಡೆಪ್ಪ ಬಂದ. ಏಳೋಣವೆಂದರೆ ಕೌದಿಯೂ ಜೊತೆಗೇ ಎದ್ದಿತು.

"ಏನ್ ಮಾಡಾಕತ್ತೀ?"

"ಕೌದಿ ಬಿಸಲಿಗೆ ಹಾಕ್ಬೇಕಂತ ಮಾಡೀನ್ರಿ."

ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಬಂಡೆಪ್ಪ ಮಳೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೂತು ಸೀರೆಗೆ ಬಿದ್ದ ಹೊಲಿಗೆಯನ್ನು ಹಲ್ಲಿನಿಂದ ಕಡಿದು ಬಿಡಿಸಿದ. ಗಾರೆ ಕೆಲಸ ಮಾಡಿ ಮಾಡಿ ಬಿರುಕುಬಿಟ್ಟಿದ್ದ ಅವನ ಬೆರಳಿಗೆ ಅಷ್ಟು ಸಣ್ಣ ದಾರ ಸಿಗುತ್ತಿರಲಿಲ್ಲ.

ಮರುದಿನ ಕಸ್ತೂರಿಬಾಯಿ ಬಂದು ಕೇಳಲೂ ಇಲ್ಲ ಹೇಳಲೂ ಇಲ್ಲ, ಕೌದಿ ಬಿಡಿಸಿ ಹೊಲಿಯಲು ಕೂತಳು. ಅವಳ ಬೆನ್ನಿಗೆ ಮೂಲೆಯ ಖೋಲಿಯ ವಸಂತಿ ಬಂದಳು. ಉಡುಪಿ ಕಡೆಯ ಹೆಂಗಸು. ಗಂಡ ಶೇಖರ ಘಾಟ್ಕೋಪರಿನ ಹೋಟೆಲಿನಲ್ಲಿ ಬನ್ಸ್ ಕರಿಯುತ್ತಿದ್ದ. ದೊಡ್ಡ ಸೂಜಿಯನ್ನು ಎರಡು ಬೆರಳಿನಲ್ಲಿ ಹಲ್ಲಿ ಹಿಡಿದಂತೆ ಹಿಡಿದುಕೊಂಡು ಅವಳು, "ನಮ್ಮಲ್ಲಿ ಇದೆಲ್ಲ ಇಲ್ಲ ಹಾಲವ್ವಕ್ಕ. ನಮ್ಮಲ್ಲಿ ಚಾಪೆ. ಬೆಳಿಗ್ಗೆ ಎದ್ದು ಸುತ್ತಿಟ್ಟರೆ ಮುಗಿಯಿತು. ಎಲ್ಲಿಂದ ಚುಚ್ಚಬೇಕು ಹೇಳಿ" ಎಂದಳು.

ಹಾಲವ್ವ ದಿಂಬಿಗೆ ಒರಗಿ ಕೂತು ನೋಡಿದಳು. ನೋಡುತ್ತಿದ್ದಂತೆ ಭುಜದ ನೋವು ಮರೆತು ಕಣ್ಣೇ ನೋಯತೊಡಗಿತು.

"ವಸಂತಿ, ಅದೇನ್ ಸಾಲಽ? ಲೋಕಲ್ ಗಾಡಿ ಹಳಿ ತಪ್ಪಿಧಂಗ ಹೊಂಟೈತಿ."

"ಕುರ್ಲಾ ಜಂಕ್ಷನ್ ಅಲ್ವಾ ಅಕ್ಕ, ಇಲ್ಲಿ ಹಳಿ ಬದಲಾಗ್ತದೆ."

"ಕಸ್ತೂರಕ್ಕ, ನಿಂದು ಹೊಲಿಗಿ ಏನಽ, ಒಂದೊಂದು ಮೆಕ್ಕೆಜೋಳದ ಕಾಳಿನಷ್ಟು."

"ಕೂಸು ಕೌದಿ ಮ್ಯಾಲೆ ಮಲಗತೈತೋ, ಎಣಸ್ಕೋತ ಕುಂದ್ರತೈತೋ?" ಎಂದಳು ಕಸ್ತೂರಿಬಾಯಿ, ತಲೆ ಎತ್ತದೆ. "ನೀ ಬಾಯಿ ಮುಚ್ಕೊಂಡು ಕೂತಿ ಅಂದ್ರ ಇನ್ನೆರಡು ಸಾಲು ಮುಗೀತಾವ."

ಅವರು ಹೋದ ಮೇಲೆ ಹಾಲವ್ವ ಮಗಳಿಗೆ ಪಿಸುಗುಟ್ಟಿದಳು: "ಇರ್ಲಿ, ನನ್ನ ಕೈ ಬರ್ಲಿ. ಎಲ್ಲಾ ಬಿಚ್ಚಿ ಹೊಸಾದಾಗಿ ಹೊಲೀತೀನಿ. ಒಂದು ಸಾಲೂ ಉಳಸಂಗಿಲ್ಲ."

ಹಾಗೆಂದು ಅವಳಿಗೆ ಉಪಕಾರ ಗೊತ್ತಾಗುತ್ತಿರಲಿಲ್ಲ ಎಂದಲ್ಲ. ಕಸ್ತೂರಿಬಾಯಿ ತಂದುಕೊಡುತ್ತಿದ್ದ ಜೋಳದ ರೊಟ್ಟಿ ಎಂದೂ ಇಡಿಯಾಗಿರುತ್ತಿರಲಿಲ್ಲ. ಎಡಗೈಯಲ್ಲಿ ತಿನ್ನಲು ಬರುವಂತೆ ಸಣ್ಣ ಸಣ್ಣ ಚೂರಾಗಿ ತಾಟಿಗೆ ಬರುತ್ತಿತ್ತು. ಕೇಳಿದರೆ, "ಹಂಚಿನ ಮ್ಯಾಲೇ ಮುರೀತವ್ವಾ, ಹಿಟ್ಟಿಗೆ ಜಿಗಿ ಇಲ್ಲ" ಎನ್ನುತ್ತಿದ್ದಳು. ದಿನಾ ಜಿಗಿ ಇಲ್ಲದ ಹಿಟ್ಟು ಎಲ್ಲಿಂದ ಬರುತ್ತದೆಂದು ಹಾಲವ್ವ ಕೇಳಲಿಲ್ಲ. ವಸಂತಿ ಬೆಳಿಗ್ಗೆ ಬಂದು ತಲೆ ಬಾಚಿ ತುರುಬು ಕಟ್ಟಿ, ತನ್ನ ಮುಡಿಯ ಅರ್ಧ ಹೂ ಅದಕ್ಕೆ ಸಿಕ್ಕಿಸಿ ಹೋಗುತ್ತಿದ್ದಳು. ಇನ್ನು ಬಂಡೆಪ್ಪ, ನಳಕ್ಕೆ ಹೆಂಗಸರು ಸಾಲುಗಟ್ಟುವ ಮೊದಲೇ ಹೋಗಿ ನೀರು ತಂದು ತುಂಬಿ, ಕೊಡವನ್ನು ಒರೆಸಿ, ತಾನಲ್ಲವೆಂಬಂತೆ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಕೂತು ಬೀಡಿ ಸೇದುತ್ತಿದ್ದ. ಹಾಲವ್ವ ಇದನ್ನೆಲ್ಲ ಒಂದೊಂದಾಗಿ ಕಂಡಳು. ಆದರೆ ಉಪಕಾರ ಬೇರೆ, ಹೊಲಿಗೆ ಬೇರೆ.

ಕೈಯ ಕಟ್ಟು ಬಿಚ್ಚಿದ ಮೇಲೆ ಡಾಕ್ಟರು ಗೋಡೆ ಹತ್ತುವುದನ್ನು ಹೇಳಿಕೊಟ್ಟ. ಗೋಡೆಗೆ ಬೆರಳಿಟ್ಟು ಜೇಡದಂತೆ ಮೆಲ್ಲಗೆ ಮೇಲೆ ಹತ್ತಿಸಬೇಕು, ದಿನಕ್ಕಿಷ್ಟು. ಬಂಡೆಪ್ಪ ಮಟ್ಟಗೋಲು ಇಟ್ಟು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದುಕೊಟ್ಟ. ಮೊದಲ ದಿನ ಹಾಲವ್ವನ ಬೆರಳು ಸೊಂಟದ ಗೆರೆ ಬಿಟ್ಟು ಏಳಲಿಲ್ಲ. ಕೆಲವು ದಿನ ಕಳೆದು ಎದೆಮಟ್ಟಕ್ಕೆ ಬಂದು ಅಲ್ಲೇ ನಿಂತಿತು.

"ಗ್ವಾಡಿ ಏರಾಕ ಬರ್ತೈತಿ, ಸೂಜಿ ಎಳಿಯಾಕ ಬರೂದಿಲ್ಲ. ನಾನೇನು ಹಲ್ಲಿ ಆಗ್ಬೇಕೇನ್ರಿ?" ಎಂದು ಅವಳು ಗಂಡನ ಮೇಲೆ ಹರಿಹಾಯ್ದಳು.

"ಹಲ್ಲಿ ಆದ್ರ ಚಲೋನಽ ಆತು. ಸೊಳ್ಳಿ ಕಡಿಮಿ ಆಗ್ತಾವ" ಎಂದ ಬಂಡೆಪ್ಪ.

ಹೆಣ್ಣು ಕೂಸು ಹುಟ್ಟಿತು. ಗಂಡಾದರೆ ಪೇಡಾ, ಹೆಣ್ಣಾದರೆ ಬರ್ಫಿ ಹಂಚುವುದು ಮುಂಬಯಿಯ ರೂಢಿ. ಬಂಡೆಪ್ಪ ಹಟ ಹಿಡಿದು ಪೇಡಾ ತಂದು ಚಾಳಿಗೆಲ್ಲ ಹಂಚಿದ. ಕೇಳಿದವರಿಗೆ, "ನನ್ನ ಮೊಮ್ಮಗಳು ಏನ್ ತಿಂತಾಳಂತ ಅಂಗಡಿಯವ ಹೇಳ್ಬೇಕೇನು" ಎಂದ.

ಹೆಸರಿಡುವ ದಿನ ಹತ್ತಿರ ಬಂತು. ಕೌದಿಯ ಸಾಲುಗಳೆಲ್ಲ ಮುಗಿದವು. ಸೊಟ್ಟವೋ ನೆಟ್ಟಗೋ, ಮುಗಿದವು. ಬಿಚ್ಚಿ ಹೊಲಿಯುವ ಮಾತು ಕೂಸಿನ ಅಳುವಿನಲ್ಲಿ ಎಲ್ಲೋ ಹೋಯಿತು. ಹಾಲವ್ವ ತನಗೆಂದು ಉಳಿಸಿಕೊಂಡದ್ದು ಒಂದೇ: ನಾಲ್ಕು ಮೂಲೆ.

"ಮೂಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ. ಮೂಲಿ ನನ್ನವು" ಎಂದು ಎಲ್ಲರಿಗೂ ಹೇಳಿದಳು. ಯಾಕೆಂದು ವಸಂತಿ ಕೇಳಿದ್ದಕ್ಕೆ ತಿಳಿಸಿಯೂ ಹೇಳಿದಳು. ಅವಳ ತವರಿನ ಪದ್ಧತಿಯಲ್ಲಿ ಮೂಲೆಗಳನ್ನು ಕೊನೆಗೆ ಮಡಚಿ ಮುಚ್ಚುತ್ತಾರೆ. ಮುಚ್ಚುವ ಮುಂಚೆ ಕೌದಿಗೆ ಒಂದು ತುತ್ತು ಉಣ್ಣಿಸಬೇಕು. ರೊಟ್ಟಿಯ ಚೂರು, ಮೇಲೆ ಒಂದು ಚಿಟಿಕೆ ಸಕ್ಕರೆ. ಹಸಿದ ಕೌದಿ ಮಲಗಿದವರಿಗೆ ನಿದ್ದೆ ಕೊಡುವುದಿಲ್ಲ.

ತುತ್ತು ಇಡುವುದು ಕೊನೆಯ ಮೂಲೆಗೆ, ಆ ಒಂದೇ ಮೂಲೆಗೆ. ಅಷ್ಟನ್ನು ಬಿಡಿಸಿ ಹೇಳುವುದು ಹಾಲವ್ವನಿಗೆ ಹೊಳೆಯಲಿಲ್ಲ. ಇಂಥದ್ದನ್ನು ಯಾರಾದರೂ ಬಿಡಿಸಿ ಹೇಳುತ್ತಾರೆಯೇ?

ಹೆಸರಿಡುವ ಹಿಂದಿನ ದಿನ ಅವಳು ಆಸ್ಪತ್ರೆಗೆ ಹೋಗಬೇಕಿತ್ತು. ಡಾಕ್ಟರು ಕೈಯನ್ನು ಎತ್ತಿಸಿ, ತಿರುಗಿಸಿ, "ಹೊಲೀಬಹುದು ಅಮ್ಮಾ. ಆದರೆ ಮೊಣಕೈ ಸೊಂಟಕ್ಕೆ ಅಂಟಿ ಇರಬೇಕು. ದಾರ ಗೇಣುದ್ದ ಮಾತ್ರ" ಎಂದ.

"ಗೇಣುದ್ದ ದಾರಕ್ಕ ಗೇಣಿಗೊಂದು ಗಂಟು ಬರ್ತೈತ್ರಿ. ಅದಕ್ಕ ಕೌದಿ ಅನ್ನೂದಿಲ್ಲ, ಗಂಟು ಅಂತಾರ."

"ನನ್ನ ತಂತಿ ಕಿತ್ತು ಬಂದರೆ ನಾನು ಮತ್ತೆ ಲಂಚ್ ಟೈಮಲ್ಲಿ ಹೊಲೀತೇನೆ" ಎಂದ ಡಾಕ್ಟರು.

ಸಂಜೆ ಮನೆಗೆ ಬಂದು ಕೌದಿ ಬಿಡಿಸಿದರೆ ಮೂರು ಮೂಲೆ ಮುಚ್ಚಿದ್ದವು. ಮೂರೂ ಮೂರು ತರ.

"ಯಾರ ಕೆಲಸ ಇದು?" ಎಂದು ಹಾಲವ್ವ ಕೇಳಿದಳು. ನೀಲಾವತಿ ಕೂಸಿನ ಮುಖವನ್ನೇ ನೋಡುತ್ತ, "ನಾ ಬಾಣಂತಿ. ನನ್ನ ಕಣ್ಣು ಮುಚ್ಚಿದ್ವು" ಎಂದಳು. ಬಂಡೆಪ್ಪ ಎಂದೂ ನೋಡದ ಚಾವಣಿಯನ್ನು ನೋಡುತ್ತಿದ್ದ. ಗ್ಯಾಲರಿಯಲ್ಲಿ ಹೋಗುತ್ತಿದ್ದ ಕಸ್ತೂರಿಬಾಯಿ ಹೆಜ್ಜೆ ಚುರುಕು ಮಾಡಿದಳು. ವಸಂತಿಯ ಬಾಗಿಲು ಒಳಗಿನಿಂದ ಚಿಲಕ ಹಾಕಿಕೊಂಡಿತ್ತು.

ಹಾಲವ್ವ ಉಳಿದ ಮೂಲೆಯನ್ನು ತನ್ನ ಕಡೆ ಎಳೆದುಕೊಂಡಳು. ಹುಟ್ಟಿದ ಮೊದಲ ಮೊಮ್ಮಗಳ ಕೌದಿಯಲ್ಲಿ ತನ್ನದೆನ್ನಲು ಉಳಿದದ್ದು ಒಂದು ಮೂಲೆ. ಅದಕ್ಕಾದರೂ ಗೇಣುದ್ದದ ದಾರವೇ? ಮಾರುದ್ದ ಪೋಣಿಸಿ ಬಲಗೈಯಿಂದ ಎಳೆದಳು. ಭುಜದಲ್ಲಿ ಮಿಂಚು ಹೊಡೆಯಿತು. ಸೂಜಿಯನ್ನು ಎಡಗೈಗೆ ದಾಟಿಸಿದಳು. ಗೋಡೆಗೆ ಮುಖ ಮಾಡಿ, ಯಾರಿಗೂ ಕಾಣದಂತೆ, ರೊಟ್ಟಿಯ ಚೂರಿಗೆ ಸಕ್ಕರೆ ಉದುರಿಸಿ ಮೂಲೆಯೊಳಗಿಟ್ಟಳು. "ತಡಾ ಆತು, ಸಿಟ್ಟಾಗಬ್ಯಾಡ ತಾಯಿ. ಅವರು ಯಾರೂ ಉಣ್ಣಸಿರೂದಿಲ್ಲ" ಎಂದು ಕೌದಿಗೆ ಸಣ್ಣಗೆ ಹೇಳಿದಳು. ಎಡಗೈ ಹಾಕಿದ ಹೊಲಿಗೆ ನೋಡಲು ಮನಸ್ಸಾಗದೆ ಮಡಚಿ ಟ್ರಂಕಿನ ಮೇಲಿಟ್ಟಳು.

ಬೆಳಿಗ್ಗೆ ಮೊದಲು ಕಂಡವಳು ನೀಲಾವತಿ. "ಯವ್ವಾ, ಬೀಗರಕಿಂತ ಮೊದಲು ಯಾರೋ ಬಂದಾರ ನೋಡು."

ಗ್ಯಾಲರಿಯಿಂದ ಹೊಸಲು ದಾಟಿ, ಬಂಡೆಪ್ಪ ಎಳೆದ ಇದ್ದಿಲ ಗೆರೆಗಳನ್ನೆಲ್ಲ ಒಂದೊಂದಾಗಿ ಏರಿ, ಹಾಲವ್ವನ ಬೆರಳು ಎಂದೂ ಮುಟ್ಟದ ಎತ್ತರಕ್ಕೂ ಹೋಗಿ ಇಳಿದು, ಕೆಂಪಿರುವೆಯ ಸಾಲೊಂದು ಟ್ರಂಕಿನ ಮೇಲಿನ ಕೌದಿಗೆ ಹೋಗುತ್ತಿತ್ತು. ಸಾಲು ಮಾತ್ರ ಬಲು ನೆಟ್ಟಗಿತ್ತು.

ಕೌದಿ ಬಿಡಿಸಿದರೆ ನಾಲ್ಕೂ ಮೂಲೆಗೆ ಇರುವೆ.

ಹಾಲವ್ವ ಕತ್ತರಿ ತರಿಸಿದಳು. ಕೂಗಿದ್ದಕ್ಕೆ ಕಸ್ತೂರಿಬಾಯಿಯೂ ವಸಂತಿಯೂ ಓಡಿ ಬಂದರು. ಮೊದಲ ಮೂಲೆಯ ಹೊಲಿಗೆ ಕತ್ತರಿಸಿದಾಗ ಹೆಬ್ಬೆರಳ ಗಾತ್ರದ ಬೆಲ್ಲ ಮೆತ್ತಿದ ರೊಟ್ಟಿ ಬಿತ್ತು.

"ಇಷ್ಟು ಬೆಲ್ಲ ಹಚ್ಚೋರು ಈ ಚಾಳಿನ್ಯಾಗ ಒಬ್ಬಾಕೀನಽ" ಎಂದಳು ಹಾಲವ್ವ.

"ಹೌದು, ನಾನಽ" ಎಂದಳು ಕಸ್ತೂರಿಬಾಯಿ ಸೆರಗು ಬಿಗಿದು. "ಒಂದು ಮೂಲಿ ಮುಚ್ಚಿದ್ರ ನಿನಗ ಅಷ್ಟು ಹಗುರ ಆಗ್ತೈತಿ ಅಂತ ಮುಚ್ಚಿದೆ. ಮುಚ್ಚೂಮುಂದ, ನಾಳೆ ಇಕಿ ಕೈ ಏಳಲಿಲ್ಲಂದ್ರ ಕೂಸು ಉಪಾಸದ ಕೌದಿ ಮ್ಯಾಲೆ ಮಲಗಬೇಕೇನು ಅಂತ ಒಂದು ತುತ್ತು ಇಟ್ಟೆ. ತಪ್ಪೇನು?"

ಎರಡನೆಯ ಮೂಲೆಯಿಂದ ಎಣ್ಣೆ ಜಿನುಗುವ ಬಾಳೆಹಣ್ಣಿನ ಬನ್ಸಿನ ಅರ್ಧ ಬಿತ್ತು. ಯಾರೂ ಏನೂ ಕೇಳಬೇಕಾಗಲಿಲ್ಲ.

"ತುತ್ತು ಹಾಕಬೇಕು ಅಂತ ನೀವೇ ಹೇಳಿದ್ದಲ್ವಾ ಹಾಲವ್ವಕ್ಕ" ಎಂದಳು ವಸಂತಿ. "ನಮಗೆ ರೊಟ್ಟಿ ತಟ್ಟಲಿಕ್ಕೆ ಬರುವುದಿಲ್ಲ. ಇವರು ತಂದ ಬನ್ಸ್ ಇತ್ತು. ಪೂರ್ತಿ ಹಿಡಿಯಲಿಲ್ಲ, ಅರ್ಧ ನಾನೇ ತಿಂದೆ."

ಮೂರನೆಯ ಮೂಲೆಯ ಹೊಲಿಗೆ ಇಟ್ಟಿಗೆ ಜೋಡಿಸಿದಂತಿತ್ತು, ಒಳಗೆ ಪೇಡಾ. ಎಲ್ಲರೂ ಬಂಡೆಪ್ಪನ ಕಡೆ ತಿರುಗಿದರು.

"ನಾ ಹಾಕಿಲ್ಲ" ಎಂದ ಬಂಡೆಪ್ಪ. ಪೇಡಾದಿಂದ ಇಳಿದ ಒಂದು ಇರುವೆ ಅವನ ಕಾಲು ಹುಡುಕಿಕೊಂಡು ಹೊರಟಿತು. "ನನ್ನ ಅವ್ವ ಹಾಕ್ತಿದ್ಲು, ನೋಡಿದ್ದೆ ಅಷ್ಟಽ" ಎಂದು ಸೇರಿಸಿದ.

ನೀಲಾವತಿ ಅಷ್ಟು ಹೊತ್ತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. "ಮೂರೂ ಮಂದಿ ಒಬ್ಬರ ಬೆನ್ನಿಗೆ ಒಬ್ಬರು ಬಂದು, ನಿಮ್ಮವ್ವಗ ಹೇಳಬ್ಯಾಡ ಅಂತ ಕೂಸಿನ ಮ್ಯಾಲೆ ಆಣಿ ಮಾಡಿಸ್ಕೊಂಡ್ರು. ನನಗೂ ಹಿಂಗಽ, ಬಂದವರೆಲ್ಲಾ ಬಾಣಂತಿ ಬಾಣಂತಿ ಅಂತ ತುರುಕತಾರ. ಕೌದಿದೂ ನನ್ನ ಗತಿನಽ ಆತು" ಎಂದು ನಗತೊಡಗಿ, ಹೊಟ್ಟೆ ಹಿಡಿದುಕೊಂಡು, ನಗಿಸಬೇಡಿರೆಂದು ತಾನೇ ಎಲ್ಲರನ್ನೂ ಬೈದಳು.

ಉಳಿದದ್ದು ನಾಲ್ಕನೆಯ ಮೂಲೆ. ಹಾಲವ್ವ ಅದರ ಹೊಲಿಗೆಯನ್ನೂ ಕತ್ತರಿಸಿದಳು. ಸಕ್ಕರೆ ಕರಗಿ ಅಂಟಾಗಿದ್ದ ರೊಟ್ಟಿ ಅಂಗೈಗೆ ಬಂತು.

"ಇದು ಯಾರದ್ದು?" ಎಂದಳು ವಸಂತಿ ನಿಜವಾಗಿಯೂ ತಿಳಿಯದೆ. ಹಾಲವ್ವ ಇರುವೆ ಕೊಡವುವುದರಲ್ಲಿ ಬಹಳ ಮಗ್ನಳಾಗಿದ್ದಳು.

ಗ್ಯಾಲರಿಗೆ ಒಯ್ದು ಬಂಡೆಪ್ಪ ಕೌದಿಯನ್ನು ಝಾಡಿಸಿದ. ಹೆಂಗಸರಿಬ್ಬರೂ ಎರಡೆರಡು ಸಲ ಹೊರಳಿಸಿ ನೋಡಿ ಕೊನೆಯ ಇರುವೆಯನ್ನೂ ಆರಿಸಿದರು. ಮಳೆ ಬಿಟ್ಟು ಸ್ವಲ್ಪ ಬೆಳಕಾಗಿತ್ತು. ಕತ್ತರಿ ಇನ್ನೂ ಹಾಲವ್ವನ ಕೈಯಲ್ಲೇ ಇತ್ತು. ಬೇಕಾದರೆ ಹಳಿ ತಪ್ಪಿದ ಆ ಒಂದು ಸಾಲನ್ನಾದರೂ ಬಿಚ್ಚಬಹುದಿತ್ತು. ಕತ್ತರಿಯ ತುದಿಯನ್ನು ದಾರಕ್ಕೆ ಇಟ್ಟಳು ಕೂಡ. ಆ ಸಾಲು ಹಾಕಿದ ದಿನ ವಸಂತಿ ಬೆರಳಿಗೆ ಸೂಜಿ ಚುಚ್ಚಿಸಿಕೊಂಡು, ರಕ್ತ ಕೌದಿಗೆ ತಾಕಬಾರದೆಂದು ಬೆರಳನ್ನು ಬಾಯಲ್ಲಿಟ್ಟುಕೊಂಡೇ ಇನ್ನೊಂದು ಕೈಯಿಂದ ಸಾಲು ಮುಗಿಸಿದ್ದು ನೆನಪಾಯಿತು. ಬಾಯಲ್ಲಿ ಬೆರಳಿದ್ದದ್ದರಿಂದ ಅವತ್ತು ಬೈಗುಳಕ್ಕೆ ಉತ್ತರವನ್ನೂ ಕೊಟ್ಟಿರಲಿಲ್ಲ.

"ಹೊತ್ತಿಲ್ಲ ಈಗ" ಎಂದು ಹಾಲವ್ವ ಯಾರಿಗೋ ಹೇಳಿದಂತೆ ಹೇಳಿ ಕತ್ತರಿ ಕೆಳಗಿಟ್ಟಳು. "ಬೀಗರು ಬರೂದ್ರೊಳಗ ನಾಲ್ಕೂ ಮೂಲಿ ಮುಚ್ಚಬೇಕು. ಸೂಜಿ ಪೋಣಿಸ್ರಿ."

"ಎಷ್ಟುದ್ದ?" ಎಂದಳು ಕಸ್ತೂರಿಬಾಯಿ.

ಹಾಲವ್ವ ಎಡಗೈಯ ಬೆರಳು ಅಗಲಿಸಿ ತೋರಿಸಿದಳು. "ಗೇಣುದ್ದ."

ಮೊಣಕೈಯನ್ನು ಸೊಂಟಕ್ಕೆ ಅಂಟಿಸಿಕೊಂಡು ಬಲಗೈಯಿಂದ ಮೊದಲ ಹೊಲಿಗೆ ಹಾಕಿದಳು. ಭುಜ ಗೊಣಗಿತು, ಜಗಳಕ್ಕೆ ಬರಲಿಲ್ಲ. ದಾರ ಮುಗಿಯುವ ಹೊತ್ತಿಗೆ ವಸಂತಿ ಇನ್ನೊಂದು ಸೂಜಿ ಪೋಣಿಸಿ ಹಿಡಿದಿರುತ್ತಿದ್ದಳು; ಅದರ ಬೆನ್ನಿಗೆ ಕಸ್ತೂರಿಬಾಯಿ; ಅದರ ಬೆನ್ನಿಗೆ ಬಂಡೆಪ್ಪ, ಕಣ್ಣಿಗೂ ಸೂಜಿಯ ಕಣ್ಣಿಗೂ ಅಂತರವೇ ಇಲ್ಲದಂತೆ ಹಿಡಿದುಕೊಂಡು ನಾಲಿಗೆ ಕಚ್ಚಿ ಪೋಣಿಸಿದ. ಹೊಲಿಗೆ ಒಂದು ದೊಡ್ಡದು, ಒಂದು ಸಣ್ಣದು. ಗಂಟುಗಳು ಮೆಣಸಿನಕಾಳಿನಂತೆ ಎದ್ದು ಕೂತವು. ನಾಲ್ಕನೆಯ ಮೂಲೆಗೆ ಬಂದಾಗ ಅವಳು ಕೈ ನಿಲ್ಲಿಸಿ, ಡಬ್ಬಿಯಿಂದ ಒಂದೇ ಒಂದು ಜೋಳದ ಕಾಳು ತರಿಸಿ ಒಳಗೆ ಹಾಕಿದಳು.

"ಇಷ್ಟೇನಾ?" ಎಂದಳು ವಸಂತಿ, ನೊಂದವಳಂತೆ.

"ಅಜೀರ್ಣ ಆಗೈತಿ ಇದಕ್ಕ. ಇನ್ನ ಪಥ್ಯ."

ರುಕ್ಮಿಣಿಬಾಯಿ ಬಂದಳು. ಕೂಸನ್ನು ನೋಡಿ, ಚಹಾ ಕುಡಿದು, ನಿರೀಕ್ಷಿಸಿದಂತೆಯೇ ಕೌದಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಖೋಲಿಯಲ್ಲಿ ಎಲ್ಲರೂ ಉಸಿರು ಹಿಡಿದು ನಿಂತರು. ಅವಳ ಬೆರಳು ನೆಟ್ಟಗೆ ಹೋಗಿ ವಸಂತಿಯ ಸಾಲಿನ ಮೇಲೆ ನಿಂತಿತು.

"ಬೀಗತಿ, ಈ ಸಾಲು ಯಾರದ್ರಿ?"

ವಸಂತಿ ಮೆಲ್ಲಗೆ ಬಾಗಿಲಿನ ಹಿಂದೆ ಸರಿದಳು.

"ನಂದಽ" ಎಂದಳು ಹಾಲವ್ವ.

"ಈ ದಪ್ಪ ಹೊಲಿಗಿ?"

"ಅವೂ ನನ್ನವಽ. ಕೈ ಮುರದಿತ್ತಲ್ರಿ."

ಕಸ್ತೂರಿಬಾಯಿ ಹಾಲವ್ವನ ಮುಖ ನೋಡಿ, ಖಾಲಿಯಾದ ಚಹಾದ ಬಸಿ ಎತ್ತಿಕೊಂಡು ಒಲೆಯ ಕಡೆ ಹೋದಳು. ರುಕ್ಮಿಣಿಬಾಯಿ ತಲೆದೂಗಿದಳು. ಮುರಿದ ಕೈಗೆ ಇಷ್ಟಾದರೂ ಆಯಿತಲ್ಲ ಎಂಬ ಮೆಚ್ಚುಗೆ ಅದರಲ್ಲಿತ್ತು. ಆಮೇಲೆ ಅವಳ ಬೆರಳು ಮೂಲೆಗೆ ಬಂತು. ಗಂಟುಗಳನ್ನು ಒಂದೊಂದಾಗಿ ಸವರಿ ನೋಡಿದಳು.

"ಉಳಿದದ್ದೆಲ್ಲಾ ಇರ್ಲಿ, ಮೂಲಿ ಮಾತ್ರ ನಿಮ್ಮ ಕೈಯವು ಅಲ್ಲ ಬಿಡ್ರಿ. ಯಾರೋ ಈಗಽ ಕಲಿಯೋರು ಹಾಕಿಧಂಗ ಅದಾವ."

ಬಾಗಿಲಿನ ಹಿಂದಿನಿಂದ ಕೆಮ್ಮು ಕೇಳಿಸಿತು. ಬಂಡೆಪ್ಪ ಗೋಡೆಯ ಇದ್ದಿಲ ಗೆರೆಗಳನ್ನು ಓದಲು ತೊಡಗಿದ. ಹಾಲವ್ವ ಕೌದಿಯನ್ನು ಬೀಗತಿಯ ಕೈಯಿಂದ ತೆಗೆದುಕೊಂಡು, ನೆಲದ ಮೇಲೆ ಹಾಸಿ, ಬಲಗೈಯಿಂದ ಮೆಲ್ಲಗೆ ಒಂದು ಮೂಲೆಯ ಸುಕ್ಕು ತೆಗೆದಳು.

"ಹೌದ್ರಿ, ಹೊಸಬ್ರು" ಎಂದಳು. "ಈಗ ಕಲ್ಯಾಕ ಹತ್ಯಾರ. ಇನ್ನೊಂದು ಕೂಸು ಆಗೂದ್ರೊಳಗ ಕೈ ಕುಂದ್ರತೈತಿ."

ನೀಲಾವತಿ ಕೂಸನ್ನು ತಂದು ಕೌದಿಯ ನಡುವೆ ಮಲಗಿಸಿದಳು. ಅದು ಸುತ್ತಲೂ ಒಮ್ಮೆ ನೋಡಿ, ಕೈಕಾಲು ಮುದುರಿ, ಬೀಗತಿಯ ಮುಂದೆಯೇ ಒದ್ದೆ ಮಾಡಿ, ನಿದ್ದೆ ಹೋಯಿತು.